ಎರಡು ಎಲ್ಲವ್ವನಷ್ಟು ದೂರ

ಮೂವತ್ತೊಂದು ವರ್ಷ ಬಸ್ಸು ಹೊಡದ ಬಲಗಾಲು
ಈಗ ಮ್ಯಾಟಿನ ಮ್ಯಾಲ ಸುಮ್ಮನ ಕುಂತೈತಿ,
ಬೀಗರ ಮನಿಗೆ ಬಂದವರಂಗ,
ಕೆಲಸ ಕೇಳಾಕ ನಾಚಿಕಿ, ಕೂಡಾಕ ಬ್ಯಾಸರ.

ಹಾವೇರಿಯೊಳಗ ಗುರುವಾರದ ಕಿವಿ ತಪಾಸಣಿ ಮುಗಿಸಿ
ಹಿಂದಿನ ಸೀಟಿನ್ಯಾಗ ಡಾಕ್ಟರ್ ನೀಲೋಫರ್ ಕಿತ್ತೂರ.
ಗಾಡಿ ಅವರದು. ಸ್ಟೇರಿಂಗು ನಂದು.
ವೇಗ ಯಾರದು ಅಂತ ಕೇಳಬ್ಯಾಡ್ರಿ.

ಹೆಬ್ಬೆಟ್ಟಿಲೆ ಒಂದು ಗುಂಡಿ ಒತ್ತಿದೆ: ತೊಂಬತ್ತು.
ಇನ್ನೊಂದು: ಮುಂದಿನ ಗಾಡಿಗೂ ನಮಗೂ ಎರಡು ಗೀಟಿನ ಅಂತರ.
ಅಷ್ಟ.

ಮುಂದ ಬ್ಯಾಡಗಿ ಮೆಣಸಿನಕಾಯಿ ಲಾರಿ,
ಚೀಲದ ಮ್ಯಾಲ ಚೀಲ, ಅರವತ್ತರ ನಡಿಗಿ.
ನಾ ಕಾಲು ಎತ್ತಲಿಲ್ಲ, ಇಡಲಿಲ್ಲ.
ಗಾಡಿ ತಾನ ಉಸಿರು ಬಿಟ್ಟು
ಎಂಬತ್ತು, ಎಪ್ಪತ್ತು, ಅರವತ್ತಕ್ಕ ಇಳದು
ಲಾರಿ ಬೆನ್ನಿಗೆ ಕಟ್ಟಿದ ಕರುವಿನಂಗ ನಡೀತು,
ಹಗ್ಗ ಜಗ್ಗಲಾರದ, ಸಡ್ಲ ಬಿಡಲಾರದ.

"ಹೆಂಗ್ರೀ ಇದು?" ಅಂದೆ.
ಡಾಕ್ಟರು ನನ್ನ ಬಲಗಿವಿ ಕಡೆ ಬಗ್ಗಿ ಹೇಳಿದ್ರು.
ಎಡಗಿವಿ ಲೇಲ್ಯಾಂಡ್ ಎಂಜಿನ್ನು ತಿಂದಿದ್ದು ಅವರಿಗೆ ಗೊತ್ತು,
ಗೆರಿ ಇಳದ ಕಾಗದ ಅವರ ಕಡೇನ ಐತಿ.

ಮುಂದಿನ ಜಾಳಿಗಿ ಹಿಂದ, ಕಂಪನಿ ಗುರುತಿನ ಮರಿಯಾಗ
ಒಂದು ಸಣ್ಣ ಪೆಟ್ಟಿಗಿ ಕೂಗತೈತಂತ,
ನಾಯಿಗೂ ಕೇಳದ ಕೂಗು.
ಲಾರಿ ತಗಡಿಗೆ ಬಡದು ತಿರುಗಿ ಬರತೈತಿ.
ಹೋಗಿ ಬರಾಕ ಹಿಡದ ಹೊತ್ತು ದೂರ ಹೇಳತೈತಿ.
ಬಂದ ದನಿ ಸಣ್ಣಾತೋ ದಪ್ಪಾತೋ ನೋಡಿ
ಕೂಡಾಕತ್ತೇವೋ ಅಗಲಾಕತ್ತೇವೋ ತಿಳೀತೈತಿ.
ಇದು ನನಗ ಹೊಸಾದಲ್ಲ:
ಎದುರು ಬಸ್ಸಿನ ಹಾರನ್ನು ದಾಟಿದ ಕೂಡಲೇ ದನಿ ಇಳಿಸೂದು
ಎರಡೂ ಕಿವಿಲೆ ಕೇಳೇನಿ, ಆಮ್ಯಾಲ ಒಂದ ಕಿವಿಲೆ.

ಗೀಟು ಅಂದ್ರ ಮಾರಲ್ಲ, ಮೀಟರಲ್ಲ, ಹೊತ್ತು.
ಡಿಪೋದಾಗ ಕಲಿಸಿದ ಹೂಗಾರ ಮಾಸ್ತರು ಅಂತಿದ್ರು:
ಮುಂದಿನ ಗಾಡಿ ಮೈಲುಗಲ್ಲು ದಾಟಿತಲ್ಲ, ಎಣಸು,
ಒಂದು ಎಲ್ಲವ್ವ, ಎರಡು ಎಲ್ಲವ್ವ,
ಈಗ ನೀ ದಾಟು.
ಜೋರಿದ್ದಾಗ ಎರಡು ಎಲ್ಲವ್ವನೊಳಗ ಒಂದು ಹೊಲ ಹಿಡಿತೈತಿ,
ಸಾವಕಾಶ ಇದ್ರ ಅಂಗಳ ಸಾಕು.
ಆ ಎಣಿಕಿನ ಪೆಟ್ಟಿಗಿಯೊಳಗ ಯಾರೋ ಹಾಕ್ಯಾರ,
ಎಲ್ಲವ್ವನ್ನ ಇಳಿಸಿ.

ಬಂಕಾಪುರದ ಹತ್ರ ಗಾಳಿ ತಿರುಗಿತು.
ಡಾಕ್ಟರು ಮೂರು ಸಲ ಸೀನಿದ್ರು, ನಾ ಐದು.
ಪೆಟ್ಟಿಗಿಗೆ ಮೂಗಿಲ್ಲ.
ಮೂರನೇ ಗೀಟು ಒತ್ತಿದೆ,
ಗಾಡಿ ಮಡಿ ಉಟ್ಟವರಂಗ ಇನ್ನಷ್ಟು ಹಿಂದ ಸರೀತು.

ಶಿಗ್ಗಾವಿ ದಾಟಿದ ಮ್ಯಾಲ ಲಾರಿ ಧಾಬಾದ ಕಡೆ ಹೊಳ್ಳಿತು.
ದಾರಿ ಖಾಲಿ ಕಂಡದ್ದ ತಡ
ಗಾಡಿಗೆ ತನ್ನ ತೊಂಬತ್ತು ನೆನಪಾತು.
ಎಪ್ಪತ್ತು. ಎಪ್ಪತ್ತೆಂಟು.
ಮಬ್ಬಿನ್ಯಾಗ ನಿಂತಿತ್ತು ಉಳ್ಳಾಗಡ್ಡಿ ಟ್ರ್ಯಾಲಿ,
ಅಚ್ಚು ಮುರದು, ದೀಪಿಲ್ಲ, ಆಳಿಲ್ಲ,
ಗಾಲಿಗೊಂದು ಕಲ್ಲು.
ಎಂಬತ್ಮೂರು.

ಬಲಗಾಲು ಯಾರನ್ನೂ ಕೇಳಲಿಲ್ಲ.

ಟ್ರ್ಯಾಲಿ ಬಾಜುಕ ನಿಂತ್ಕೊಂಡು ಉಸಿರು ತಗೊಂಡ್ವಿ.
"ನಿಂತದ್ದನ್ನ ಒಮ್ಮೊಮ್ಮೆ ಅದು ಲೆಕ್ಕಕ್ಕ ಹಿಡಿಯೂದಿಲ್ರಿ," ಅಂದ್ರು ಡಾಕ್ಟರು.
"ಸೇತುವಿ, ಬೋರ್ಡು, ಕಂಬ, ಎಲ್ಲಾ ನಿಂತಾವ,
ಎಲ್ಲಾ ಕೂಗು ತಿರುಗಿಸ್ತಾವ.
ಎಲ್ಲಕ್ಕೂ ಬ್ರೇಕ್ ಹಾಕಿದ್ರ ಹುಬ್ಬಳ್ಳಿ ಮುಟ್ಟೂದ್ಯಾವಾಗ?"

ನಾ ಏನೂ ಅನ್ನಲಿಲ್ಲ.
ಪೆನ್ಶನ್ ಕಾಗದ ಹಿಡಕೊಂಡು ಡಿಪೋ ಗೇಟಿನ್ಯಾಗ ನಿಂತಾಗ
ಹೊಸ ಹುಡುಗರು ಬಸ್ಸು ಹೊಳ್ಳಿಸಿದ್ರು
ನನ್ನ ಬಾಜುಕ, ನೋಡಲಾರದ.
ಅವರ ತಪ್ಪಲ್ಲ. ಟೈಮಾಗಿತ್ತು ಅವರಿಗೆ.

ಡಿಕ್ಕಿಯೊಳಗಿನ ಕೆಂಪು ತ್ರಿಕೋನ ತಗದು
ಟ್ರ್ಯಾಲಿ ಹಿಂದ ಇಟ್ಟು ಬಂದೆ.

ಮತ್ತ ಗುಂಡಿ ಒತ್ತಿದೆ, ಯಾಕ ಒತ್ತಬಾರದು,
ಕಾಲು ಮಾತ್ರ ಮ್ಯಾಟಿಗೆ ಕಳಿಸಲಿಲ್ಲ,
ಬ್ರೇಕಿನ ಮ್ಯಾಲ, ಮುಟ್ಟಿಯೂ ಮುಟ್ಟಲಾರದಂಗ.
ತಡಸ ಕ್ರಾಸಿನ್ಯಾಗ ಡಾಕ್ಟರು ಕೇಳಿದ್ರು:
"ಗಾಡೀನ ಕಿವಿ ಇಟ್ಕೊಂಡು ಓಡತೈತಿ.
ನಾ ಕೊಟ್ಟ ಮಿಷನ್ ಎಲ್ಲೈತ್ರೀ?"

ಅಂಗಿ ಕಿಸೆದಾಗಿತ್ತು, ಕರವಸ್ತ್ರದಾಗ ಸುತ್ತಿ.
ಒಂದ ಕೈಲೆ ತಗದು ಎಡಗಿವಿಗೆ ತುರುಕಿದೆ.
ಒಂದು ಎಲ್ಲವ್ವ,
ಎರಡು ಎಲ್ಲವ್ವ.
ಎಷ್ಟೋ ವರ್ಷದ ಮ್ಯಾಲ ಆ ಬಾಗಿಲಿಂದ ಒಳಗ ಬಂದದ್ದು
ಡಾಕ್ಟರ ನಾಕನೇ ಸೀನು.